ಹಿಡಿಗೊಂದು ಮರ

“ಅಜ್ಜಯ್ಯ, ಕಾಡಿನಲ್ಲಿ ಒಬ್ಬನೇ ಇರಬೇಕಾದವನು ಎಂಥ ಚಾಕು ಇಟ್ಟುಕೊಳ್ಳಬೇಕು?”

ಶಿಷ್ಯ ಕೊಟ್ರಯ್ಯ ಹೀಗೆ ಕೇಳಿದಾಗ ಗುರುಗಳು ಮಠದ ಜಗಲಿಯ ಮೇಲೆ ಕುಳಿತು ಸೌತೆಕಾಯಿ ಹೆಚ್ಚುತ್ತಿದ್ದರು. ಪ್ರಶ್ನೆ ಹೊಸದಾಗಿರಲಿಲ್ಲ. ಶಿವರಾತ್ರಿಯ ಮರುದಿನ ಕೇಳಿದ್ದ. ಯುಗಾದಿಗೆ ಕೇಳಿದ್ದ. ಈಗ ಶ್ರಾವಣ ನಡೆಯುತ್ತಿತ್ತು.

ಕೊಟ್ರಯ್ಯ ಬೆಟ್ಟದ ಗುಹೆಯಲ್ಲಿ ಒಂದು ವರ್ಷ ಒಬ್ಬನೇ ಇದ್ದು ಬರಬೇಕು, ಬಂದ ಮೇಲೆ ಮಠದಲ್ಲಿ ಪಾಠ ಹೇಳುವ ಕೆಲಸ ಅವನದು, ಗುರುಗಳು ಕಾಲು ಚಾಚಿ ಮಲಗಬಹುದು ಎಂದು ಮಾತಾಗಿತ್ತು. ಗುರುಗಳಿಗೆ ಎಪ್ಪತ್ತೊಂಬತ್ತು ವರ್ಷ. ಅವರಿಗೆ ಕಾಲು ಚಾಚುವ ಆಸೆ ಬಹಳ ಇತ್ತು. ಶಿಷ್ಯ ಹೊರಡುತ್ತಿರಲಿಲ್ಲ.

ಅಡ್ಡ ಬಂದಿದ್ದು ಚಾಕು. ಕೊಟ್ರಯ್ಯ ಮಡಚುವ ಚಾಕು ನೋಡಿದ್ದ. ಬೆನ್ನಿಗೆ ಗರಗಸದ ಹಲ್ಲಿರುವ ಚಾಕು ನೋಡಿದ್ದ. ಹಿಡಿಯೊಳಗೆ ದಿಕ್ಸೂಚಿ, ಸೂಜಿದಾರ, ಸೀಟಿ ಎಲ್ಲವನ್ನೂ ಅಡಗಿಸಿಕೊಂಡ ಚಾಕುವನ್ನೂ ನೋಡಿದ್ದ. ಸ್ಟೀಲಿನದಕ್ಕೆ ತುಕ್ಕು ಬರುವುದಿಲ್ಲ, ಆದರೆ ಮಸೆಯುವುದು ಕಷ್ಟ. ಕಬ್ಬಿಣದ್ದು ಬೇಗ ಹರಿತವಾಗುತ್ತದೆ, ಆದರೆ ತುಕ್ಕು ತಿನ್ನುತ್ತದೆ. ಅಗ್ಗದ್ದು ಮುರಿದೀತು. ದುಬಾರಿಯದು ಕಳೆದೀತು. ಇದೆಲ್ಲವನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದ. ಹೋದ ತಿಂಗಳು ಬೆಟ್ಟದಾಚೆಯ ಪೇಟೆಯಲ್ಲಿ ಒಳ್ಳೆಯ ಚಾಕು ಸಿಗುತ್ತದೆಂದು ಕೇಳಿ ಕಾಡಿನೊಳಗಿಂದಲೇ ನಡೆದು ಹೊರಟಿದ್ದ. ದಾರಿಯಲ್ಲಿ ಮಳೆ ಹಿಡಿಯಿತು. ತಾನು ವರ್ಷ ಇರಬೇಕಾಗಿದ್ದ ಆ ಗುಹೆಯನ್ನೇ ಹೊಕ್ಕು, ಅಲ್ಲೇ ನಾಲ್ಕು ದಿನ ಸಿಕ್ಕಿಬಿದ್ದ. ಮಠದ ಅಡುಗೆಮನೆಯಿಂದ ಎತ್ತಿಕೊಂಡು ಹೋಗಿದ್ದ ದರಿದ್ರ ಚಾಕುವಿನಲ್ಲಿ ಸೌದೆ ಸೀಳಿ, ಗೆಡ್ಡೆ ಅಗೆದು, ಹೇಗೋ ಕಾಲ ತಳ್ಳಿದ. ಪೇಟೆ ಮುಟ್ಟುವಷ್ಟರಲ್ಲಿ ಅಂಗಡಿಯವನು ಮದುವೆಗೆಂದು ಊರಿಗೆ ಹೋಗಿದ್ದ. ಈ ಕಷ್ಟವನ್ನು ಕೊಟ್ರಯ್ಯ ಈಗ ಮೂರನೆಯ ಸಲ ಹೇಳಿ ಮುಗಿಸಿದ.

ಗುರುಗಳು ಸೌತೆಕಾಯಿಯ ತೊಟ್ಟು ಎಸೆದರು. ಕೂತುಕೋ ಎಂದರು. ಕತೆ ಹೇಳಿದರು.

ಇದು ನನಗೆ ನನ್ನ ಗುರುಗಳು ಹೇಳಿದ ಕತೆ. ಅವರು ಇದನ್ನು ಯಾರಿಗೂ ಹೇಳಿಲ್ಲ ಎನ್ನುವವರೂ ಇದ್ದಾರೆ. ಇರಲಿ.

ಒಂದು ಊರಿನಲ್ಲಿ ಒಬ್ಬ ನೇಕಾರ ಇದ್ದ. ತಾಯಿ ಇಲ್ಲದ ಅವನನ್ನು ಸಾಕಿದವಳು ಅಕ್ಕ. ಅವಳನ್ನು ಕಾಡಿನಾಚೆಯ ಊರಿಗೆ ಕೊಟ್ಟಿದ್ದರು. ಇಬ್ಬರೂ ಮಾತು ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಅಕ್ಕನ ಮಗಳ ಮದುವೆಗೆ ಇವನು ತಾನೇ ಸೀರೆ ನೇಯ್ದು ಒಯ್ದಿದ್ದ. ಸೀರೆ ಅರ್ಧ ಮೊಳ ಗಿಡ್ಡ ಎಂದು ಅಕ್ಕ ಬೀಗರ ಎದುರಿಗೇ ಅಂದಳು. ನಿಜವಾಗಿಯೂ ಗಿಡ್ಡವಿತ್ತು. ಅದಕ್ಕೇ ಇವನಿಗೆ ಅಷ್ಟು ಸಿಟ್ಟು.

ಒಂದು ದಿನ ದಾರಿಹೋಕನೊಬ್ಬ ಅಕ್ಕನಿಂದ ಮಾತು ತಂದ. ಹಾಸಿಗೆ ಹಿಡಿದಿದ್ದೇನೆ, ಉಸಿರಿರುವಾಗ ಒಮ್ಮೆ ಬಂದು ಮುಖ ತೋರಿಸು ಎಂದಿದ್ದಳು.

ಸುತ್ತುದಾರಿ ಒಂದು ತಿಂಗಳದು. ಕಾಡಿನೊಳಗಿನ ದಾರಿ ಆರು ದಿನದ್ದು. ಹಿಂದೊಮ್ಮೆ ಈ ಕತೆ ಹೇಳಿದಾಗ ನಾಲ್ಕು ದಿನದ್ದು ಎಂದಿದ್ದೆ. ಕಾಡು ಬೆಳೆಯುತ್ತದೆ.

ನೇಕಾರ ಕಾಡು ಕಂಡವನಲ್ಲ. ಮಗ್ಗದ ಗುಂಡಿಯಲ್ಲಿ ಕುಳಿತೇ ಅರ್ಧ ಆಯುಷ್ಯ ಕಳೆದವನು. ಕಂಡವರನ್ನು ಕೇಳಿದ. ಅಕ್ಕಿ ಒಯ್ದರೆ ಮುಗಿಯುತ್ತದೆ, ಕಂಬಳಿ ಒಯ್ದರೆ ನೆನೆಯುತ್ತದೆ, ಒಂದು ಒಳ್ಳೆಯ ಚಾಕು ಇಟ್ಟುಕೋ ಸಾಕು ಎಂದರು. ಹೇಳಿದವರಿಗೆ ಅದು ಸಾಮಾನ್ಯ ಮಾತು. ಇವನ ಕಿವಿಯಲ್ಲಿ ‘ಒಳ್ಳೆಯ’ ಎಂಬುದು ಮಾತ್ರ ಉಳಿಯಿತು.

ಮೂರು ಸಂತೆ ತಿರುಗಿದ. ಯಾವ ಚಾಕುವೂ ಒಪ್ಪಿಗೆಯಾಗಲಿಲ್ಲ. ಕೊನೆಗೆ ಒಬ್ಬ ಕಮ್ಮಾರನ ಕುಲುಮೆಗೆ ಬಂದ. ಆ ಕಮ್ಮಾರನನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕತೆ ಇನ್ನೂರು ವರ್ಷ ಹಳೆಯದು, ಆದರೂ ಕಂಡಿದ್ದೇನೆ. ಬೆಳಗಿನಿಂದ ಬೈಗಿನವರೆಗೆ ಬಡಿದು ಬಡಿದು ದಣಿದವನು, ಗಿರಾಕಿಗಳ ಮಾತು ಕೇಳಿ ಇನ್ನೂ ದಣಿದವನು. ಅವನು ನೇಕಾರನಿಗೆ ಒಂದು ಅಲಗು ಮಾಡಿಕೊಟ್ಟ. ಗೇಣುದ್ದದ್ದು, ಸಾದಾ ಕಬ್ಬಿಣದ್ದು. ಹೂವಿಲ್ಲ, ಬಳ್ಳಿಯಿಲ್ಲ. ಹಿಡಿಯೂ ಇಲ್ಲ.

ಅವನ ಮನೆತನದ ಪದ್ಧತಿ ಹಾಗೆ. ಅಲಗು ಮಾತ್ರ ಅವನು ಮಾಡುತ್ತಿದ್ದ. ಹಿಡಿಗೆ ಮರವನ್ನು ಕೊಳ್ಳುವವನೇ ತನ್ನ ಅಂಗೈಗೆ ಹೊಂದುವಂತೆ ಕಡಿದು ತರಬೇಕು. ತಂದರೆ ಕೂರಿಸಿಕೊಡುತ್ತಿದ್ದ.

“ಮರ ಎಲ್ಲಿ ಸಿಗುತ್ತದೆ?” ಎಂದ ನೇಕಾರ.

“ಕಾಡಿನಲ್ಲಿ.”

“ಚಾಕು ಇಲ್ಲದೆ ನಾನು ಕಾಡಿಗೆ ಹೇಗೆ ಹೋಗಲಿ ಮಾರಾಯ?”

ಈ ಮಾತನ್ನು ಕಮ್ಮಾರ ಅಪ್ಪನ ಕಾಲದಿಂದ ಕೇಳುತ್ತಿದ್ದ. ಎದ್ದು ಹೋಗಿ ಸೂರಿನಲ್ಲಿ ಸಿಕ್ಕಿಸಿದ್ದ ಒಂದು ಚಾಕು ತೆಗೆದುಕೊಟ್ಟ. ಹೆಂಡತಿ ಕುಂಬಳಕಾಯಿ ಸೀಳುತ್ತಿದ್ದ ಚಾಕು. ತುದಿ ಮುರಿದಿತ್ತು. ಹಿಡಿ ಇರಬೇಕಾದಲ್ಲಿ ಹಳೇ ಬಟ್ಟೆ ಸುತ್ತಿತ್ತು. ಅಲ್ಲಿಯವರೆಗೆ ಇದು ಇರಲಿ ಎಂದ.

ನೇಕಾರ ಅದನ್ನು ಎರಡು ಬೆರಳಿನಲ್ಲಿ ಹಿಡಿದುಕೊಂಡು ಕಾಡು ಹೊಕ್ಕ.

ಮೊದಲ ದಿನ ಜಾಲಿ ಸಿಕ್ಕಿತು. ಅದರ ಕೊಂಬೆ ಒರಟು. ನೇಕಾರನ ಅಂಗೈ ಲಾಳಿ ಹಿಡಿದು ಹಿಡಿದು ನಯವಾದದ್ದು. ಬೇಡ ಎಂದ. ಸಂಜೆ ಅದೇ ಜಾಲಿಯ ಮುಳ್ಳುಕೊಂಬೆಗಳನ್ನು ಕಡಿದು ಸುತ್ತ ಬೇಲಿ ಹಾಕಿಕೊಂಡು ನಡುವೆ ಮಲಗಿದ. ಎರಡನೆಯ ದಿನ ಕಕ್ಕೆ ಸಿಕ್ಕಿತು. ಕೆತ್ತುವಾಗ ಸೀಳು ಬಿಟ್ಟಿತು. ಆ ದಿನ ಚಾಕುವಿನ ಬೆನ್ನಿಗೆ ಚಕಮಕಿ ಕಲ್ಲು ಬಡಿದು ಬೆಂಕಿ ಮಾಡಿಕೊಂಡ. ಮೂರನೆಯ ದಿನ ಬೀಟೆ ಸಿಕ್ಕಿತು. ಅಂದವಾಗಿತ್ತು, ಬೆವರಿದ ಕೈಯಲ್ಲಿ ಜಾರುತ್ತಿತ್ತು. ನಾಲ್ಕನೆಯ ದಿನ ಕರಡಿ ಎದುರಾಯಿತು. ಒಣಕೊಂಬೆ ಕಡಿದು ಬೆಂಕಿ ಹಚ್ಚಿ ಬೀಸಿದ, ಅದು ಹೊರಟುಹೋಯಿತು. ಎರಡು ಕರಡಿ ಎಂದು ಹೇಳಿದರೆ ಕತೆ ಚೆನ್ನಾಗಿರುತ್ತದೆ, ಆದರೆ ಒಂದೇ ಇತ್ತು. ಐದನೆಯ ದಿನ ಬಿದಿರು ಸೀಳಿ ನೀರು ಹಿಡಿದುಕೊಂಡ, ಗೆಡ್ಡೆ ಅಗೆದು ಸುಟ್ಟು ತಿಂದ.

ಪ್ರತಿದಿನವೂ ಮಲಗುವ ಮುಂಚೆ ಆ ಚಾಕುವನ್ನು ಬೈಯುತ್ತಿದ್ದ. ಇದೂ ಒಂದು ಚಾಕುವೇ ಎನ್ನುತ್ತಿದ್ದ. ನನ್ನ ಚಾಕು ಕೈಗೆ ಬರಲಿ, ಆಮೇಲೆ ನೋಡು ಎನ್ನುತ್ತಿದ್ದ. ಯಾರಿಗೆ ನೋಡು ಎನ್ನುತ್ತಿದ್ದನೋ, ಅಲ್ಲಿ ಯಾರೂ ಇರಲಿಲ್ಲ.

ಆರನೆಯ ದಿನ ಮಧ್ಯಾಹ್ನ ಒಂದು ದಿಂಡಿಗದ ಮರ ಸಿಕ್ಕಿತು. ಗಟ್ಟಿಮರ. ಒಂದು ಕೊಂಬೆ ಕಡಿದು, ತೊಗಟೆ ಕೆರೆದು, ಮುಷ್ಟಿಯಲ್ಲಿ ಹಿಡಿದು ನೋಡಿದ. ಅವನ ಹಳೆಯ ಲಾಳಿ ಹಿಡಿದ ಹಾಗಿತ್ತು. ಸಂತೋಷದಿಂದ ತಲೆ ಎತ್ತಿದ.

ಕಾಡು ಮುಗಿದಿತ್ತು.

ಕೆಳಗೆ ಅಕ್ಕನ ಊರು. ಊರಿನ ಈಚೆ ತುದಿಯಲ್ಲಿ ಬಾವಿ, ಬಾವಿಯ ಪಕ್ಕದಲ್ಲಿ ಅಕ್ಕನ ಮನೆ. ಕೂಗಿದರೆ ಕೇಳಿಸುವಷ್ಟು ಹತ್ತಿರವಲ್ಲ, ಆಳು ಕಾಣಿಸದಷ್ಟು ದೂರವೂ ಅಲ್ಲ. ಜಗಲಿಯ ಮೇಲೆ ಯಾರೋ ಮಲಗಿದ್ದರು. ಅವನು ನೋಡುತ್ತಿದ್ದ ಹಾಗೆಯೇ ಆ ಮನೆಯಿಂದ ಹೊಗೆ ಎದ್ದಿತು.

ಇಳಿದು ಹೋಗಲು ಎಷ್ಟು ಹೊತ್ತು? ಒಂದು ಎಲೆಯಡಿಕೆ ಜಗಿದು ಮುಗಿಸುವಷ್ಟು. ನೇಕಾರ ನಿಂತೇ ಇದ್ದ. ಹೋದರೆ ಮೊದಲ ಮಾತು ಏನು ಆಡಬೇಕೆಂದು ಅವನಿಗೆ ತಿಳಿಯಲಿಲ್ಲ. ಸೀರೆಯ ಮಾತು ಎತ್ತಬೇಕೋ ಬಿಡಬೇಕೋ ತಿಳಿಯಲಿಲ್ಲ. ಚಾಕುವಿನ ವಿಷಯದಲ್ಲಿ ಮಾತ್ರ ಎಲ್ಲವೂ ಸ್ಪಷ್ಟವಾಗಿ ತಿಳಿದಿತ್ತು. ಅಲಗು ಕುಲುಮೆಯಲ್ಲಿದೆ. ಹಿಡಿ ಈಗ ಸಿಕ್ಕಿದೆ. ಕೂರಿಸಬೇಕು. ಆಮೇಲೆ ಕಾಡು ದಾಟಬೇಕು. ಮನೆಯಲ್ಲಿ ಒಲೆ ಉರಿಯುತ್ತಿದೆ ಎಂದ ಮೇಲೆ ಅಕ್ಕ ಗಟ್ಟಿಯಾಗಿಯೇ ಇದ್ದಾಳೆ. ಹನ್ನೆರಡು ದಿನದ ಮಾತು.

ತಾನು ಬಂದದ್ದು ಮರ ಹುಡುಕಲು. ಅಕ್ಕನ ಊರಿಗೆ ತಾನಿನ್ನೂ ಹೊರಟೇ ಇಲ್ಲ. ಅವನ ಲೆಕ್ಕ ಹೀಗಿತ್ತು.

ತಿರುಗಿ ಕಾಡು ಹೊಕ್ಕ.

ಆರು ದಿನ ನಡೆದು ಕುಲುಮೆಗೆ ಬಂದ. ಕಮ್ಮಾರ ಅಲಗಿನ ಬಾಲವನ್ನು ಕೆಂಪಗೆ ಕಾಯಿಸಿ ದಿಂಡಿಗದ ಹಿಡಿಯೊಳಗೆ ಇಳಿಸಿದ. ಇಳಿಸುತ್ತಾ, ಇಂಥ ಮರ ಈ ಕಡೆ ಇಲ್ಲವಲ್ಲ, ಎಲ್ಲಿಯವರೆಗೆ ಹೋಗಿದ್ದೆ ಎಂದು ಕೇಳಿದ. ಆಚೆಯ ಅಂಚಿನವರೆಗೆ, ಅಕ್ಕನ ಮನೆಯ ಹೊಗೆಯೂ ಕಾಣಿಸಿತು ಎಂದ ನೇಕಾರ. ಕಮ್ಮಾರ ಸುತ್ತಿಗೆ ಕೆಳಗಿಟ್ಟ. ಬಟ್ಟೆ ಸುತ್ತಿದ ಚಾಕುವನ್ನು ತೆಗೆದುಕೊಂಡು ಹೋಗಿ ಮತ್ತೆ ಸೂರಿಗೆ ಸಿಕ್ಕಿಸಿದ.

ಹೊಸ ಚಾಕು ಬಹಳ ಒಳ್ಳೆಯದಿತ್ತು. ಅದರಲ್ಲಿ ಸುಳ್ಳಿಲ್ಲ. ಮುಳ್ಳು ಕಡಿಯಿತು, ಸೌದೆ ಸೀಳಿತು, ಕಿಡಿ ಹಾರಿಸಿತು. ಹಳೆಯದು ಮಾಡಿದ್ದನ್ನೆಲ್ಲ ಇದೂ ಮಾಡಿತು. ಆರನೆಯ ದಿನ ನೇಕಾರ ಅದೇ ದಿಂಡಿಗದ ಮರದ ಕೆಳಗೆ ಬಂದು ನಿಂತ.

ಹೊಗೆ ಇರಲಿಲ್ಲ.

ಇಳಿದು ಹೋದ. ಅಕ್ಕನ ಮನೆಗೆ ಹೊರಗಿನಿಂದ ಅಗುಳಿ ಹಾಕಿತ್ತು. ಪಕ್ಕದ ಮನೆಯ ಮುದುಕಿ ಬಂದು ಅವನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು.

“ಆ ತಮ್ಮ ನೀನೇನಪ್ಪಾ?” ಎಂದಳು. “ಮಣ್ಣು ಮಾಡಿ ನಾಲ್ಕು ದಿನ ಆಯಿತು.”

ನೇಕಾರ ಜಗಲಿಯ ಮೇಲೆ ಕುಳಿತ. ಮುದುಕಿ ಹೇಳುತ್ತಾ ಹೋದಳು. ನಿನ್ನ ಅಕ್ಕ ಒಳಗೆ ಮಲಗುವುದಿಲ್ಲ ಎಂದು ಹಟ ಹಿಡಿದು ಇಲ್ಲಿಯೇ ಹಾಸಿಗೆ ಹಾಕಿಸಿಕೊಂಡಿದ್ದಳು. ಕಾಡಿನ ಕಡೆಗೇ ಮುಖ. ಹನ್ನೆರಡು ದಿನದ ಹಿಂದೆ ಮಧ್ಯಾಹ್ನ ಅಲ್ಲಿ ಮೇಲೆ ಯಾರೋ ಬಂದು ನಿಂತರು. ನಮಗ್ಯಾರಿಗೂ ಗುರುತು ಸಿಗಲಿಲ್ಲ.

“ಅವಳು ಮಾತ್ರ, ನನ್ನ ತಮ್ಮ ಬಂದ, ಬೇಗ ಒಲೆ ಹಚ್ಚು, ನಡೆದು ಬಂದಿದ್ದಾನೆ, ಹಸಿದಿರುತ್ತಾನೆ ಅಂದಳು. ನಾನೇ ಹಚ್ಚಿದೆ. ರೊಟ್ಟಿ ಬಡಿದು ಹೊರಗೆ ಬಂದು ನೋಡಿದರೆ ಅಲ್ಲಿ ಯಾರೂ ಇಲ್ಲ.”

ಮೂರು ದಿನ ಅಕ್ಕ ಆ ರೊಟ್ಟಿಯನ್ನು ತೆಗೆಯಗೊಡಲಿಲ್ಲವಂತೆ. ನಾಲ್ಕನೆಯ ದಿನ, ಅವನಲ್ಲ ಬಿಡು, ಯಾರೋ ಸೌದೆಯವನು ಇದ್ದಿರಬೇಕು ಎಂದಳಂತೆ. ಎಂಟನೆಯ ದಿನ ಹೋದಳು.

ಮುದುಕಿ ನೇಕಾರನ ಸೊಂಟದ ಕಡೆ ನೋಡಿ, ಚಾಕು ಚೆನ್ನಾಗಿದೆ ಎಂದಳು.

ಗುರುಗಳು ಕತೆ ನಿಲ್ಲಿಸಿದರು. ಆಮೇಲೆ ನೇಕಾರ ಆ ಚಾಕುವನ್ನು ಏನು ಮಾಡಿದ ಎಂದು ಕೊಟ್ರಯ್ಯ ಕೇಳಿದ.

ಬಾವಿಗೆ ಎಸೆದ ಎನ್ನುವವರಿದ್ದಾರೆ ಎಂದರು ಗುರುಗಳು. ಸಾಯುವವರೆಗೂ ಇಟ್ಟುಕೊಂಡಿದ್ದ, ಅದರಲ್ಲಿ ಒಂದು ಕಡ್ಡಿಯನ್ನೂ ಕಡಿಯಲಿಲ್ಲ ಎನ್ನುವವರೂ ಇದ್ದಾರೆ. ನಾನು ಹೇಳುವಾಗ ಅವನು ಅದರಲ್ಲಿ ಸೌದೆ ಸೀಳಿ ಅಕ್ಕನ ಒಲೆ ಹಚ್ಚುತ್ತಾನೆ. ಇವತ್ತು ಅಷ್ಟು ದೂರ ಹೇಳಲು ನನಗೆ ಶಕ್ತಿ ಇಲ್ಲ.

ಕೊಟ್ರಯ್ಯ ತಲೆಯಾಡಿಸಿದ. ನೋಟುಬುಕ್ಕು ತೆರೆದ. ಹಾಗಾದರೆ ಅಲಗು ಸಾದಾ ಕಬ್ಬಿಣದ್ದು, ಹಿಡಿ ದಿಂಡಿಗದ್ದು ಎಂದು ಬರೆದುಕೊಳ್ಳಲೇ ಅಜ್ಜಯ್ಯ ಎಂದು ವಿನಯದಿಂದ ಕೇಳಿದ.

ಗುರುಗಳು ಕಣ್ಣು ಮುಚ್ಚಿದರು. ಮತ್ತೆ ತೆರೆದರು. ಸೌತೆಕಾಯಿ ಹೆಚ್ಚಿದ ಚಾಕುವನ್ನು ಪಂಚೆಯ ಅಂಚಿಗೆ ಒರೆಸಿದರು. ಮಸೆದು ಮಸೆದು ಸವೆದ ಅಡುಗೆಮನೆಯ ಚಾಕು. ಅದರ ಹಿಡಿಗೆ ಕೊಟ್ರಯ್ಯ ಹೋದ ತಿಂಗಳು ಸುತ್ತಿದ್ದ ಕಾಡುಬಳ್ಳಿ ಇನ್ನೂ ಹಾಗೆಯೇ ಇತ್ತು. ಅದನ್ನು ಅವನ ನೋಟುಬುಕ್ಕಿನ ಮೇಲೆ ಇಟ್ಟರು.

“ಗುಹೆಯಲ್ಲಿ ನಾಲ್ಕು ದಿನ ಇದ್ದು ಯಾಕಪ್ಪಾ ತಿರುಗಿ ಬಂದೆ?”