ಕುರಿಗಳ ಏಳನೆಯ ಪಂದ್ಯ

ಕುರಿಗಳ ಫುಟ್‌ಬಾಲ್ ತಂಡ ಆರು ಪಂದ್ಯ ಸೋತಿತ್ತು, ಆರನ್ನೂ ಒಂದೇ ತಪ್ಪಿಗೆ. ಚೆಂಡು ಹೋದ ಕಡೆಗೆಲ್ಲ ಹನ್ನೊಂದೂ ಕುರಿಗಳು ಓಡುತ್ತಿದ್ದವು, ಗೋಲ್‌ಕೀಪರ್ ಬೋಳನೂ ಸೇರಿ. ಎದುರಾಳಿಗಳು ಆಕಳಿಸುತ್ತಲೇ ಖಾಲಿ ಗೋಲಿಗೆ ಚೆಂಡು ಹೊಡೆಯುತ್ತಿದ್ದರಂತೆ. ನಂಬುವವರು ನಂಬಿ.

ಏಳನೆಯದು ನರಿಗಳ ಮೇಲೆ. ಅದನ್ನೂ ಸೋತರೆ ತಂಡ ಲೀಗಿನಿಂದಲೇ ಹೊರಕ್ಕೆ. ಒಂದು ಪಂದ್ಯವನ್ನೂ ತಪ್ಪಿಸದ ಬೋಳನ ಚಿಕ್ಕಮ್ಮ ಕೆಂಚಿ, ಆಟ ಶುರುವಾಗುವ ಮೊದಲೇ ಅವನ ಕಿವಿ ಹಿಂಡಿದಳು.

"ಲೋ ಬೋಳ, ತಲೆಯೊಳಗೂ ಉಣ್ಣೆ ಬೆಳೆದಿದ್ಯೇನೋ? ಗೋಲು ಬಿಟ್ಟು ಕದಲಬೇಡ!"

"ಕಾಲು ನನ್ನ ಮಾತು ಕೇಳೋದಿಲ್ಲ, ಚಿಕ್ಕಮ್ಮಾ."

"ಹಾಗಾದ್ರೆ ನಾನು ಹೇಳಿದೆ ಅಂತ ಹೇಳು!"

ಹೇಳಿರಬೇಕು. ಬೋಳ ಕದಲಲಿಲ್ಲ. ನರಿಗಳು ಹೊಡೆದ ಒಂಬತ್ತು ಚೆಂಡನ್ನೂ ಹಿಡಿದ. ಸೊನ್ನೆಗೆ ಸೊನ್ನೆ, ಉಳಿದದ್ದು ಒಂದೇ ನಿಮಿಷ! ಗ್ಯಾಲರಿಯಲ್ಲಿ ಮುನ್ನೂರು ಕುರಿಗಳು ಕುಣಿದಾಡಿದವು.

ಆಗ ನರಿಯೊಂದು ಗುರಿ ತಪ್ಪಿ ಹೊಡೆದ ಚೆಂಡು ಗ್ಯಾಲರಿಯ ಮುಂದೆ ಉರುಳಿತು. ಒಂದು ಕುರಿ ಬೇಲಿ ಹಾರಿತು. ಅದರ ಹಿಂದೆ ಗ್ಯಾಲರಿಗೆ ಗ್ಯಾಲರಿಯೇ ಹಾರಿತು. ಆ ಹಿಂಡು ಚೆಂಡನ್ನು ನೂಕಿಕೊಂಡು, ಬೋಳನನ್ನೂ ತಳ್ಳಿಕೊಂಡು, ತಮ್ಮದೇ ಗೋಲಿನೊಳಗೆ ನುಗ್ಗಿತು.

ರೆಫರಿ ಎಮ್ಮೆ ಮೆಲುಕು ನಿಲ್ಲಿಸಿ ಸೀಟಿ ಊದಿತು. "ಯಾರೇ ಹೊಡೆಯಲಿ, ಗೋಲು ಗೋಲೇ!"

ಬಲೆಯಲ್ಲಿ ಬೋಳನ ಪಕ್ಕದಲ್ಲೇ ಕೆಂಚಿ ಸಿಕ್ಕಿಕೊಂಡಿದ್ದಳು.

"ನೀನ್ಯಾಕೆ ಬಂದೆ, ಚಿಕ್ಕಮ್ಮಾ?"

"ಎಲ್ಲರೂ ಓಡಿದ್ರಲ್ಲೋ..."

"ಹೌದಾ?" ಬೋಳ ಬಲೆಯಿಂದ ಅವಳ ಕಾಲು ಬಿಡಿಸುತ್ತ ಹೇಳಿದ, "ಹಾಗಾದ್ರೆ ನಾಳೆಯಿಂದ ನಮ್ಮ ಜೊತೆ ಪ್ರಾಕ್ಟೀಸಿಗೆ ಬಾ."