ಫಕ್ಕೀರಪ್ಪ ತಿರುವದೇ ಬಿಟ್ಟ ಸ್ಕ್ರೂ

ಹುಬ್ಬಳ್ಳಿಯಲ್ಲಿ ಫಕ್ಕೀರಪ್ಪ ಎಂಬ ಮೆಕ್ಯಾನಿಕ್ ಇದ್ದ. ಕೈ ಚುರುಕು, ಕಿವಿ ಇನ್ನೂ ಚುರುಕು. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳಿಬಿಡುತ್ತಿದ್ದ. ಅವನಿಗಿದ್ದದ್ದು ಒಂದೇ ಕೆಟ್ಟ ಚಾಳಿ. ಸರಿಯಾಗಿರುವ ಗಾಡಿಯನ್ನು ಅದರ ಪಾಡಿಗೆ ಬಿಡುತ್ತಿರಲಿಲ್ಲ.

ಅವನ ಅಕ್ಕ ಕಸ್ತೂರೆವ್ವ. ಅಪ್ಪನ ಲೇಥ್ ಅಂಗಡಿಯನ್ನು ನಡೆಸುತ್ತಿದ್ದವಳು ಅವಳೇ. ಆ ಅಂಗಡಿಯ ಅರ್ಧ ಜಾಗವನ್ನು ತಮ್ಮನ ಗಾಡಿಯೊಂದು ನುಂಗಿ ಕೂತಿತ್ತು. ಹಳೆಯ ಕಾಲದ ರೇಸ್ ಕಾರುಗಳ ಕಪ್ಪುಬಿಳುಪು ಚಿತ್ರ ನೋಡಿ, ಪೈಪಿಗೆ ಪೈಪು ಬೆಸೆದು ಅವನೇ ಕಟ್ಟಿದ ಗಾಡಿ ಅದು. ಮೂತಿ ಉದ್ದ. ಮುಂದಿನ ಗಾಲಿ ಸಣಕಲು, ಹಿಂದಿನದು ದಪ್ಪ. ನಡುವೆ ಗುಜರಿಗೆ ಬಂದ ಜೀಪಿನ ಎಂಜಿನ್. ಹಿಂದಿನ ಅಚ್ಚನ್ನು ಅಕ್ಕನೇ ಲೇಥಿನಲ್ಲಿ ಕಡೆದುಕೊಟ್ಟಿದ್ದಳು. ನಿಂತಲ್ಲಿಂದ ಹೊರಟು ನೆಟ್ಟಗೆ ಕಾಲು ಮೈಲಿ ಓಡಬೇಕು, ಪಕ್ಕದ ಗಾಡಿಗಿಂತ ಮೊದಲು ಮುಟ್ಟಬೇಕು. ಡ್ರ್ಯಾಗ್ ರೇಸ್ ಎಂದರೆ ಇಷ್ಟೇ.

ಊರ ಹೊರಗೆ ವಿಮಾನಗಳು ಮರೆತುಹೋದ ಒಂದು ಹಳೆಯ ರನ್‌ವೇ. ಪ್ರತಿ ವಿಜಯದಶಮಿಯ ಬೆಳಗ್ಗೆ ಅಲ್ಲಿ ರೇಸು. ಮೊದಲ ವರ್ಷ ಫಕ್ಕೀರಪ್ಪನ ಗಾಡಿ ಪರೀಕ್ಷೆಯಲ್ಲಿ ಚೆನ್ನಾಗಿಯೇ ಓಡಿತು. ರೇಸಿನ ಹೊತ್ತಿಗೆ ಅವನಿಗೆ ಅನುಮಾನ ಹತ್ತಿತು. ಪೆಟ್ರೋಲು ಸ್ವಲ್ಪ ಹೆಚ್ಚು ಕೊಟ್ಟ. ಕಿಡಿ ಹಾರುವ ಹೊತ್ತನ್ನು ಹಿಂದೆಮುಂದೆ ಮಾಡಿದ. ಟೈರಿನ ಗಾಳಿಯನ್ನೂ ಬದಲಿಸಿದ. ಗೆರೆಯ ಮೇಲೆ ನಿಂತ ಗಾಡಿ ಕೆಮ್ಮಿ ಅಲ್ಲೇ ಮಲಗಿತು. ಮರುವರ್ಷವೂ ಅದೇ ಪಾಡು. ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡುವುದು ಎಂದರೆ ಇದೇ. ಜನ ಸುಮ್ಮನಿರುತ್ತಾರೆಯೇ?

"ಫಕ್ಕೀರಪ್ಪನ ಗಾಡಿ ಮದುವಿ ಮಂಟಪ ಇದ್ದಂಗ. ನೋಡಾಕ ಚಂದ, ಎಲ್ಲಿಗೂ ಹೋಗಾಂಗಿಲ್ಲ," ಎಂದು ಚಹಾದಂಗಡಿಯಲ್ಲಿ ಆಡಿಕೊಂಡರು.

ಮೂರನೆಯ ವರ್ಷ ಅಕ್ಕ ಖಡಾಖಂಡಿತವಾಗಿ ಹೇಳಿದಳು.

"ತಮ್ಮಾ, ಈ ಸಲ ಇದು ಆ ತುದಿ ಮುಟ್ಟಲಿಲ್ಲಂದ್ರ ಕಟರ್ ಹಚ್ಚತೀನಿ. ಇಷ್ಟು ಪೈಪಿನ್ಯಾಗ ಛಲೋ ಗೇಟ್ ಆಗ್ತಾವ. ನನಗ ಕೆಲಸ ಮಾಡಾಕ ಜಾಗಾ ಬೇಕು."

ಕಸ್ತೂರೆವ್ವ ಹೇಳಿದ್ದನ್ನು ಮಾಡುವ ಹೆಂಗಸು. ಫಕ್ಕೀರಪ್ಪನಿಗೆ ಅನ್ನ ಸೇರದಾಯಿತು. ಆ ಗಾಡಿ ಅವನ ಜೀವ.

ಈ ಸಲ ಅಕ್ಕನೇ ಪಕ್ಕದಲ್ಲಿ ನಿಂತಳು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಓಡಿಸಿ ನೋಡಬೇಕು, ಆಮೇಲೆ ಮುಂದಿನದು. ಅದು ಅವಳ ಕಟ್ಟಪ್ಪಣೆ. ಹಿಂದಿನ ಟೈರಿನ ಗಾಳಿಯನ್ನು ತುಸು ತುಸುವೇ ಇಳಿಸಿದರು. ಗಾಲಿ ಸುಮ್ಮನೆ ಗಿರಗಿರ ಸುತ್ತುವುದನ್ನು ಬಿಟ್ಟು ನೆಲ ಕಚ್ಚಿ ಹಿಡಿಯಿತು. ಆಮೇಲೆ ಕಿಡಿಯ ಹೊತ್ತನ್ನು ಹದಕ್ಕೆ ತಂದರು. ಕೊನೆಗೆ ಎಂಜಿನ್ನಿಗೆ ಪೆಟ್ರೋಲು ಗಾಳಿ ಬೆರೆಸಿ ಕೊಡುವ ಕಾರ್ಬೊರೇಟರು. ಒಂದು ಬೆಳಗ್ಗೆ ಗಾಡಿ ಎಲ್ಲೂ ನಡುಗದೆ ರನ್‌ವೇಯ ಆ ತುದಿ ಮುಟ್ಟಿತು. ಫಕ್ಕೀರಪ್ಪ ಕಿಡಿ ಹಾರಿಸುವ ಪ್ಲಗ್ ಬಿಚ್ಚಿ ತೋರಿಸಿದ. ಕರಿ ಇಲ್ಲ, ಬಿಳುಪೂ ಇಲ್ಲ. ಹದವಾಗಿ ಹುರಿದ ರವೆಯ ಬಣ್ಣ. ಎಂಜಿನ್ ಉಂಡದ್ದು ಅದಕ್ಕೆ ಚೆನ್ನಾಗಿ ಅರಗುತ್ತಿದೆ ಎಂಬುದಕ್ಕೆ ಅದೇ ಗುರುತು.

"ಆತು," ಎಂದಳು ಅಕ್ಕ. "ನಟ್ಟು ಬೋಲ್ಟ್ ಬಿಗಿದು ನೋಡು. ಇನ್ನ ಇದಕ್ಕ ಕೈ ಹಚ್ಚಬ್ಯಾಡ."

ಮರುದಿನ ಖಂಡೇಪೂಜೆ, ಅಂದರೆ ಆಯುಧಪೂಜೆ. ಪಾನಾ, ಸ್ಕ್ರೂ ಡ್ರೈವರು, ಸುತ್ತಿಗೆ ಎಲ್ಲವೂ ತೊಳೆಸಿಕೊಂಡು, ಕುಂಕುಮ ಹಚ್ಚಿಸಿಕೊಂಡು ಮಣೆಯ ಮೇಲೆ ಕೂತವು. ಒಮ್ಮೆ ಪೂಜೆಗೆ ಕೂತ ಹತ್ಯಾರವನ್ನು ವಿಜಯದಶಮಿಯ ಸಂಜೆ ಬನ್ನಿ ಕೊಟ್ಟು ತೆಗೆದುಕೊಳ್ಳುವವರೆಗೆ ಎತ್ತಬಾರದು. ಅವರ ಅಪ್ಪನ ಕಾಲದಿಂದ ಆ ಅಂಗಡಿಯ ಪದ್ಧತಿ ಅದು. ರೇಸು ಇರುವುದು ಬೆಳಗ್ಗೆ. ಹಿಂದಿನ ಎರಡು ವರ್ಷ ಫಕ್ಕೀರಪ್ಪ ಒಂದೆರಡು ಹತ್ಯಾರವನ್ನು ಪೂಜೆಗೆ ಇಡದೆ ಬಚ್ಚಿಟ್ಟುಕೊಂಡಿದ್ದ; ಈ ಸಲ ಅಕ್ಕ ಎಣಿಸಿ ಎಣಿಸಿ ಎಲ್ಲವನ್ನೂ ಕೂರಿಸಿದ್ದಳು.

"ಅಕ್ಕಾ, ಒಂದ ಸ್ಕ್ರೂ ಡ್ರೈವರ್ ಹೊರಗ ಇಡು. ಬರೇ ಒಂದ," ಎಂದು ಫಕ್ಕೀರಪ್ಪ ಗೋಗರೆದ.

"ಅದೂ ವರ್ಷಾನುಗಟ್ಟಲೆ ದುಡದೈತಿ. ಒಂದಿನ ಕುಂದರಲಿ ಬಿಡು."

ವಿಜಯದಶಮಿಯ ಬೆಳಗ್ಗೆ ಗಾಡಿ ಚೆಂಡುಹೂವಿನ ಮಾಲೆ ಹಾಕಿಕೊಂಡು ಟೆಂಪೋ ಏರಿ ರನ್‌ವೇಗೆ ಬಂತು. ರೇಸು ನಡೆಸುವವರು ಬ್ರೇಕು, ಬೆಲ್ಟು ಎಲ್ಲ ನೋಡಿ ಸರಿಯಿದೆ ಎಂದರು. ಮಾಲೆ ತೆಗೆಸಿ ಸಾಲಿನಲ್ಲಿ ನಿಲ್ಲಿಸಿದರು. ಫಕ್ಕೀರಪ್ಪನ ಜೋಡಿಗೆ ಬಿದ್ದವನು ಬೆಳಗಾವಿಯ ಗುರುಪಾದ. ಅವನ ಗಾಡಿಯ ಆರ್ಭಟಕ್ಕೆ ಜನ ಕಿವಿ ಮುಚ್ಚಿಕೊಂಡರು. ಕೆಟ್ಟ ಮನುಷ್ಯನೇನಲ್ಲ. ಅವನೇ ಹತ್ತಿರ ಬಂದು, "ನಿನ್ನ ಗಾಡಿ ಭಾಳ ಮೆತ್ತಗ ಮಾತಾಡಾಕತ್ತೈತಲ್ಲೋ. ಪೆಟ್ರೋಲ್ ಸಾಲವಲ್ದು ಕಾಣಸ್ತೈತಿ. ಕಾರ್ಬೊರೇಟರಿನ ಸ್ಕ್ರೂ ಸ್ವಲ್ಪ ತಿರುವು," ಎಂದ.

"ಹತ್ಯಾರ ಎಲ್ಲಾ ಪೂಜಾಕ್ಕ ಕುಂತಾವ."

"ನನ್ನ ಪೆಟಗಿ ಪೂಜಾ ಆಗಿಲ್ಲ. ತಗೋ," ಎಂದು ಗುರುಪಾದ ಸ್ಕ್ರೂ ಡ್ರೈವರನ್ನು ಕೈಗೇ ಕೊಟ್ಟ.

ಈಗ ಪದ್ಧತಿಯ ಅಡ್ಡಿ ಇಲ್ಲ. ಹತ್ಯಾರ ಕೈಯಲ್ಲಿದೆ, ಸ್ಕ್ರೂ ಕಣ್ಣೆದುರಿಗಿದೆ. ಹಸಿದವನ ಮುಂದೆ ಹೋಳಿಗೆ ಇಟ್ಟಂತಾಯಿತು. ಫಕ್ಕೀರಪ್ಪ ಅಕ್ಕನ ಮುಖ ನೋಡಿದ.

"ನನ್ನ ಯಾಕ ನೋಡತಿ?" ಎಂದಳು ಕಸ್ತೂರೆವ್ವ. "ಗಾಡಿ ನಿಂದು, ಕೈ ನಿಂದು. ಏನ ಕೆಟ್ಟೈತಿ ಅಂತ ಮೊದಲ ಹೇಳು. ಆಮ್ಯಾಲ ತಿರುವು."

ಫಕ್ಕೀರಪ್ಪ ಬಗ್ಗಿ ಎಂಜಿನ್ನಿಗೆ ಕಿವಿಗೊಟ್ಟ. ಸದ್ದು ಮೊನ್ನೆಯಂತೆಯೇ ಇತ್ತು. ಕೆಮ್ಮಿಲ್ಲ, ನಡುಕವಿಲ್ಲ. ಏನು ಕೆಟ್ಟಿದೆ ಎಂದು ಎಷ್ಟು ಹುಡುಕಿದರೂ ಸಿಗಲಿಲ್ಲ. ಡವಡವ ಹೊಡೆದುಕೊಳ್ಳುತ್ತಿದ್ದದ್ದು ಅವನ ಎದೆ ಒಂದೇ. ಎರಡು ವರ್ಷವೂ ಕೆಟ್ಟದ್ದು ಇದೇ ಎದೆ, ತಾನು ರಿಪೇರಿ ಮಾಡಿದ್ದು ಮಾತ್ರ ಗಾಡಿಯನ್ನು ಎಂದು ಅವನಿಗೆ ಆಗ ಹೊಳೆಯಿತು. ತನ್ನ ಮೇಲೆ ತನಗೇ ನಗು ಬಂತು.

"ಗಾಡಿ ಕೆಟ್ಟಿಲ್ಲ," ಎಂದು ಸ್ಕ್ರೂ ಡ್ರೈವರನ್ನು ಗುರುಪಾದನಿಗೆ ವಾಪಸು ಕೊಟ್ಟ. ಹೆಲ್ಮೆಟ್ ಹಾಕಿಕೊಂಡು, ಬೆಲ್ಟ್ ಬಿಗಿದು ಕೂತ.

ಗುರುಪಾದನಿಗೆ ಇದು ಸರಿಕಾಣಲಿಲ್ಲ. ಇಷ್ಟು ಧೈರ್ಯವಾಗಿ ಕೂತಿದ್ದಾನೆ ಅಂದರೆ ಏನೋ ಮರ್ಮ ಇರಲೇಬೇಕು. ಅದೇ ಸ್ಕ್ರೂ ಡ್ರೈವರಿನಿಂದ ತನ್ನ ಗಾಡಿಯ ಸ್ಕ್ರೂವನ್ನೇ ಒಂದಿಷ್ಟು ತಿರುವಿ ಸೀಟಿಗೆ ಓಡಿದ.

ಹಸಿರು ದೀಪ ಹತ್ತಿತು. ಗುರುಪಾದನ ಗಾಡಿ ಪೆಟ್ರೋಲು ಹೆಚ್ಚಾಗಿ ಕರಿ ಹೊಗೆ ಕಕ್ಕಿತು, ಮುಗ್ಗರಿಸಿತು, ತಡವಾಗಿ ಎದ್ದಿತು. ಫಕ್ಕೀರಪ್ಪನ ಗಾಡಿ ನೆಲ ಹಿಡಿದು ಮೂತಿಯನ್ನು ತುಸು ಎತ್ತಿ ಹೊರಟದ್ದು ನಡುವೆ ಎಲ್ಲೂ ಹಿಂಜರಿಯಲಿಲ್ಲ. ಕಾಲು ಮೈಲಿಯ ಗೆರೆಯನ್ನು ಅದೇ ಮೊದಲು ದಾಟಿತು. ಮಂಟಪ ಎಂದು ನಕ್ಕವರೇ ಎದ್ದು ನಿಂತು ಶಿಳ್ಳೆ ಹೊಡೆದರು. ಕಸ್ತೂರೆವ್ವನ ಕಣ್ಣು ತುಂಬಿ ಬಂತು. ಸೆರಗಿನಲ್ಲಿ ಒರೆಸಿಕೊಂಡು, ರೇಸು ನಡೆಸುವವರು ಹೋಗಲು ಬಿಟ್ಟ ಮೇಲೆ ಆ ತುದಿಯವರೆಗೂ ನಡೆದೇ ಹೋಗಿ ತಮ್ಮನ ಬೆನ್ನು ತಟ್ಟಿದಳು.

ಅಷ್ಟರಲ್ಲಿ ಗುರುಪಾದನೂ ಬಂದ. ಸೋತ ಬೇಸರಕ್ಕಿಂತ ಕುತೂಹಲವೇ ಅವನಿಗೆ ಹೆಚ್ಚಾಗಿತ್ತು.

"ಖರೇ ಹೇಳು ಫಕ್ಕೀರಪ್ಪ. ಕಡೀಕ ಏನ ತಿರುವಿದಿ?"

"ಏನೂ ತಿರುವಲಿಲ್ಲೋ ಮಾರಾಯ."

ಗುರುಪಾದ ನಂಬಲಿಲ್ಲ. ಬಗ್ಗಿ ಕಾರ್ಬೊರೇಟರಿನ ಸುತ್ತ ಬಹಳ ಹೊತ್ತು ಹುಡುಕುತ್ತಲೇ ಇದ್ದ.

ನೀತಿ: ದುಡಿದು ಹದಕ್ಕೆ ತಂದದ್ದನ್ನು ಭಯಕ್ಕೆ ಬಿದ್ದು ಕೆದಕಬೇಡಿ. ಏನು ಕೆಟ್ಟಿದೆ ಎಂದು ಹೇಳಲು ಬಾರದಿದ್ದರೆ, ಮೊದಲು ರಿಪೇರಿ ಆಗಬೇಕಾದದ್ದು ನಮ್ಮ ಮನಸ್ಸು. ಕೈ ಹಚ್ಚುವುದು ಎಷ್ಟು ದೊಡ್ಡ ವಿದ್ಯೆಯೋ, ಕೈ ತೆಗೆಯುವುದೂ ಅಷ್ಟೇ ದೊಡ್ಡ ವಿದ್ಯೆ.