ಗಳದ ಮುರಿದ ಕಾಲು

ಸೆಳವಿನ ನಡುವೆ ದೋಣಿ ನೂಕುತ್ತಿದ್ದ ಹೊಸ ಬಿದಿರ ಗಳ ಕೆಳಗೆ ನೋಡಿ ಗಾಬರಿಗೊಂಡಿತು. ನೀರೊಳಗಿನ ತನ್ನ ಅರ್ಧ ಮೈ ಮುರಿದು ಓರೆಯಾಗಿತ್ತು.

"ಏಡಿಯಣ್ಣಾ, ನನ್ನ ಕಾಲು ಮುರಿದಿದೆ! ಅಂಬಿಗ ಭಾರ ಹಾಕಿದರೆ ದೋಣಿಯಲ್ಲಿರುವ ಬಸುರಿಯ ಗತಿಯೇನು?"

ಹೊಳೆಯ ತಳದಲ್ಲಿದ್ದ ಏಡಿ ಗಳದ ಕಾಲನ್ನು ಮೆಲ್ಲಗೆ ತಡವಿ ನೋಡಿತು. "ಕಾಲು ನೆಟ್ಟಗಿದೆಯಲ್ಲ ತಮ್ಮಾ! ಇಲ್ಲಿಂದ ನಿನ್ನ ತಲೆಯೇ ಮುರಿದಂತೆ ಕಾಣುತ್ತದೆ. ಪಾಪ ಎಂದು ಮರುಗುತ್ತಿದ್ದೆ."

"ಇಲ್ಲಣ್ಣಾ, ತಲೆ ಗಟ್ಟಿಯಿದೆ."

"ಹಾಗಾದರೆ ಬಾಗಿದ್ದು ನೀನಲ್ಲ, ನೀರು ದಾಟುವ ಬೆಳಕು. ಧೈರ್ಯವಾಗಿ ಊರು."

ಅಂಬಿಗ ಮೈಭಾರವನ್ನೆಲ್ಲ ಹಾಕಿದ. ದೋಣಿ ಸೆಳವು ದಾಟಿತು. ದಡ ಮುಟ್ಟುವವರೆಗೂ ಆ ಕಾಲು ಮುರಿದಂತೆಯೇ ಕಾಣುತ್ತಿತ್ತು. ಗಳ ಅದನ್ನೇ ಊರಿಕೊಂಡು ಹೋಯಿತು.